ಗಂಡ, ಹೆಂಡತಿ ಮತ್ತು ಹೆಪಟೈಟಿಸ್ ಬಿ: ಯಾರಿಂದ ಬಂತು, ಯಾರಿಗೆ ಲಸಿಕೆ?

ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾಗುವುದು ಬಹುಮಟ್ಟಿಗೆ ಬೇರೆ ಯಾವುದೋ ಕೆಲಸಕ್ಕೆ ಹೋದಾಗ. ಮೊದಲ ಬಸುರಿನ ರಕ್ತಪರೀಕ್ಷೆ, ಆಪರೇಷನ್ನಿಗೆ ಮುಂಚಿನ ತಪಾಸಣೆ, ಕಾಲೇಜಿನ ರಕ್ತದಾನ ಶಿಬಿರ, ಕೊಲ್ಲಿ ದೇಶದ ವೀಸಾಕ್ಕೆಂದು ಮಾಡಿಸುವ ಮೆಡಿಕಲ್. ಹರಿಹರದಲ್ಲಿ ತಾಯಿ ಕಾರ್ಡ್ ಮಾಡಿಸಲು ಹೋದ ಹೆಣ್ಣುಮಗಳಿಗೂ, ದಾವಣಗೆರೆಯ ಪಿ.ಜೆ. ಬಡಾವಣೆಯ ಲ್ಯಾಬಿಗೆ ರಕ್ತ ಕೊಟ್ಟುಬಂದ ಗಂಡಸಿಗೂ ಸಿಗುವ ವರದಿ ಒಂದೇ: ಎಚ್‌ಬಿಎಸ್‌ಎಜಿ, ರಿಯಾಕ್ಟಿವ್. ಮೈಯಲ್ಲಿ ನೋವಿಲ್ಲ, ಕಣ್ಣು ಹಳದಿಯಾಗಿಲ್ಲ, ಊಟ ಸೇರುತ್ತಿದೆ. ಆದರೂ ಅಂದು ಸಂಜೆ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಯಾರಿಂದ ಬಂತು? ಇನ್ನೊಬ್ಬರಿಗೂ ಹತ್ತಿದೆಯೇ?

ಮೊದಲನೆಯ ಪ್ರಶ್ನೆಗೆ ಸಂಸಾರ ಒಡೆಯುವ ಶಕ್ತಿಯಿದೆ. ಖಚಿತ ಉತ್ತರ ಮಾತ್ರ ಸಿಗುವುದು ಅಪರೂಪ. ಎರಡನೆಯದಕ್ಕೆ ಒಂದು ಸಲದ ರಕ್ತಪರೀಕ್ಷೆಯಿಂದಲೇ ಉತ್ತರ ಸಿಗುತ್ತದೆ, ಇನ್ನೂ ಹತ್ತಿಲ್ಲದಿದ್ದರೆ ಮುಂದೆ ಹತ್ತದಂತೆ ತಡೆಯುವ ಲಸಿಕೆಯೂ ಇದೆ. ನಮ್ಮ ಮನೆಗಳಲ್ಲಿ ಮೊದಲನೆಯದರ ಮೇಲೆ ಜಗಳ ನಡೆಯುತ್ತದೆ, ಎರಡನೆಯದು ಅಲ್ಲೇ ಮುಚ್ಚಿಹೋಗುತ್ತದೆ. ವೈದ್ಯಲೋಕದಲ್ಲೂ ಈ ಎರಡರ ಸುತ್ತ ಐವತ್ತು ವರ್ಷಗಳಿಂದ ವಾದ ನಡೆದಿದೆ. ಆ ವಾದಗಳು ಎಲ್ಲಿಂದ ಹೊರಟವು, ಇಂದು ಎಲ್ಲಿಗೆ ಬಂದಿವೆ, ನಮ್ಮ ಕಡೆಯ ದಂಪತಿಗಳಿಗೆ ಅವುಗಳಿಂದ ಏನು ಸಿಗುತ್ತದೆ ಎಂದು ನೋಡಬೇಕಾಗಿದೆ.

ಸೂಜಿಯಿಂದ ಸಂಸಾರದವರೆಗೆ

ಎರಡನೇ ಮಹಾಯುದ್ಧದ ಹೊತ್ತಿಗೇ ವೈದ್ಯರು ಸಾಂಕ್ರಾಮಿಕ ಕಾಮಾಲೆಯಲ್ಲಿ ಎರಡು ಬಗೆ ಗುರುತಿಸಿದ್ದರು. ಒಂದು ಕೆಟ್ಟ ನೀರು, ಕೆಟ್ಟ ಆಹಾರದಿಂದ ಊರಿಗೆ ಊರೇ ಹಬ್ಬುವಂಥದ್ದು. ಇನ್ನೊಂದು ರಕ್ತ, ಸೂಜಿಗಳ ಮೂಲಕ ಬರುವಂಥದ್ದು. 1942ರಲ್ಲಿ ಅಮೆರಿಕದ ಸೈನಿಕರಿಗೆ ಚುಚ್ಚಿದ ಹಳದಿಜ್ವರದ ಲಸಿಕೆಯಲ್ಲಿ ಮನುಷ್ಯರ ರಕ್ತದ ಸೀರಂ ಬೆರೆತಿತ್ತು. ಸುಮಾರು 50,000 ಸೈನಿಕರು ಕಾಮಾಲೆ ಹಿಡಿದು ಮಲಗಿದರು. ಎರಡನೆಯ ಬಗೆಗೆ ‘ಸೀರಂ ಹೆಪಟೈಟಿಸ್’ ಎಂಬ ಹೆಸರು ಗಟ್ಟಿಯಾದದ್ದು ಆ ಕಾಲದಲ್ಲಿ. ಸೂಜಿ ತಾಗದೆ ಈ ರೋಗ ಬರುವುದಿಲ್ಲ ಎಂದು ವೈದ್ಯರೂ ನಂಬಿದ್ದರು. ಹಾಗಾಗಿ ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಹೋಗುತ್ತದೆಯೇ ಎಂದು ಕೇಳಲು ಕಾರಣವೇ ಇರಲಿಲ್ಲ.

ಆ ನಂಬಿಕೆ ಅಲುಗಾಡಿದ್ದು ನ್ಯೂಯಾರ್ಕಿನ ವಿಲ್ಲೋಬ್ರೂಕ್ ಎಂಬ ಬುದ್ಧಿಮಾಂದ್ಯ ಮಕ್ಕಳ ವಸತಿಶಾಲೆಯಲ್ಲಿ. ಅಲ್ಲಿ ಸಾಲ್ ಕ್ರಗ್‌ಮನ್ ನಡೆಸಿದ ಅಧ್ಯಯನಗಳ ವರದಿ 1967ರಲ್ಲಿ ಪ್ರಕಟವಾಯಿತು. ಸೂಜಿಯಿಲ್ಲದೆ, ಬರೀ ಒಟ್ಟಿಗೆ ಬದುಕುವ ಮಕ್ಕಳ ನಡುವೆಯೂ ಈ ಎರಡನೆಯ ಬಗೆ ಹರಡುತ್ತದೆ ಎಂದು ಅದು ತೋರಿಸಿತು. ಆ ಮಕ್ಕಳಿಗೆ ಬೇಕೆಂದೇ ಸೋಂಕು ಕೊಡಲಾಗಿತ್ತು. ವೈದ್ಯವಿಜ್ಞಾನ ಎಂದೂ ಸಮರ್ಥಿಸಿಕೊಳ್ಳಲಾಗದ ಕೆಲಸ ಅದು. ಆದರೆ ಅಲ್ಲಿಂದ ಬಂದ ತಿಳಿವಳಿಕೆಯನ್ನು ಬಿಟ್ಟು ಈ ಇತಿಹಾಸ ಹೇಳಲು ಬರುವುದಿಲ್ಲ. ಆ ಮಕ್ಕಳ ಋಣ ನಮ್ಮೆಲ್ಲರ ಮೇಲಿದೆ.

ವೈರಸ್‌ನ ಗುರುತು ಸಿಕ್ಕಿದ್ದೂ ಅದೇ ದಶಕದಲ್ಲಿ. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಬರೂಕ್ ಬ್ಲೂಂಬರ್ಗ್ ಮತ್ತು ಹಾರ್ವೆ ಆಲ್ಟರ್ ಹೊಸ ಪ್ರೋಟೀನೊಂದನ್ನು ಕಂಡು 1965ರಲ್ಲಿ ಪ್ರಕಟಿಸಿದರು. ಅದು ಈ ಕಾಮಾಲೆಯ ವೈರಸ್ಸಿನ ಹೊರಕವಚ ಎಂದು ಆಮೇಲೆ ತಿಳಿಯಿತು. ಇಂದು ಲ್ಯಾಬ್ ವರದಿಯಲ್ಲಿ ಕಾಣುವ ಎಚ್‌ಬಿಎಸ್‌ಎಜಿ ಅದೇ. ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಅವರ ಹುಟ್ಟುಹಬ್ಬವಾದ ಜುಲೈ 28ನ್ನೇ ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ. ವುಲ್ಫ್ ಶ್‌ಮುನೆಸ್ ನ್ಯೂಯಾರ್ಕಿನಲ್ಲಿ 1,083 ಪುರುಷರ ಮೇಲೆ ನಡೆಸಿದ ಪರೀಕ್ಷೆ 1980ರಲ್ಲಿ ಲಸಿಕೆಯ ಬಲವನ್ನು ಸಾಬೀತು ಮಾಡಿತು. 1981ರಲ್ಲಿ ಮೊದಲ ಲಸಿಕೆಗೆ ಪರವಾನಗಿ ಸಿಕ್ಕಿತು, 1986ರಲ್ಲಿ ಯೀಸ್ಟಿನಲ್ಲಿ ತಯಾರಿಸಿದ ಲಸಿಕೆ ಬಂತು.

ಆ ಲಸಿಕೆ ನಮ್ಮ ಕೈಗೆಟುಕುವ ಬೆಲೆಗೆ ಇಳಿಯಲು ಇನ್ನೂ ಹತ್ತು ವರ್ಷ ಬೇಕಾಯಿತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರ ಆಗಸ್ಟಿನಲ್ಲಿ ಶಾನ್‌ವ್ಯಾಕ್-ಬಿ ಬಿಡುಗಡೆ ಮಾಡಿತು. ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ತಿಂಗಳು. ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಇದು ಪ್ರಾಯೋಗಿಕವಾಗಿ ಬಂದದ್ದು 2002ರಲ್ಲಿ. ಕರ್ನಾಟಕ ಸೇರಿದಂತೆ ಹತ್ತು ರಾಜ್ಯಗಳಿಗೆ ವಿಸ್ತರಿಸಿದ್ದು 2007ರ ಸುಮಾರಿಗೆ, ಇಡೀ ದೇಶಕ್ಕೆ 2011ರಲ್ಲಿ.

ಈ ಇಸವಿಗಳನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಇಂದು ದಾವಣಗೆರೆಯ ಕಲ್ಯಾಣಮಂಟಪಗಳಲ್ಲಿ ಹಸೆಮಣೆ ಏರುತ್ತಿರುವ ಹುಡುಗ ಹುಡುಗಿಯರಲ್ಲಿ ಬಹುಪಾಲು ಜನ ಹುಟ್ಟಿದ್ದು 2007ಕ್ಕೆ ಮೊದಲು. ಖಾಸಗಿ ಮಕ್ಕಳ ವೈದ್ಯರಲ್ಲಿ ಹಾಕಿಸಿಕೊಂಡವರನ್ನು ಬಿಟ್ಟರೆ ಇವರಿಗೆ ಈ ಲಸಿಕೆ ಸಿಕ್ಕಿಲ್ಲ. ಇವರ ತಂದೆತಾಯಿಗಳಿಗಂತೂ ಇಲ್ಲವೇ ಇಲ್ಲ. ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಎಸ್.ಎಸ್. ವೈದ್ಯಕೀಯ ಸಂಸ್ಥೆ, ಎರಡು ದಂತ ವೈದ್ಯಕೀಯ ಕಾಲೇಜುಗಳಿರುವ ನಗರದಲ್ಲಿ ವೈದ್ಯ ವಿದ್ಯಾರ್ಥಿಗೆ ಲಸಿಕೆಯ ಮಾತು ಕಿವಿಗೆ ಬೀಳುತ್ತದೆ. ಪಕ್ಕದ ಬೀದಿಯ ದರ್ಜಿಗೆ, ಅವನ ಹೆಂಡತಿಗೆ ಅದನ್ನು ಹೇಳುವವರಿಲ್ಲ.

ಎಷ್ಟು ಜನರಿಗಿದೆ ಎಂಬಲ್ಲೇ ಭಿನ್ನಮತ

ಭಾರತದಲ್ಲಿ ನೂರಕ್ಕೆ ಎಷ್ಟು ಜನರಲ್ಲಿ ಈ ವೈರಸ್ ಇದೆ ಎಂಬುದರ ಮೇಲೂ ದೊಡ್ಡ ಜಗಳವೇ ನಡೆದಿದೆ. ಬಿ.ಎನ್. ಟಂಡನ್ ಮತ್ತು ಸಂಗಡಿಗರು 1996ರಲ್ಲಿ ಶೇ. 4.7 ಎಂದರು. ಅನಂತ ಫಡ್ಕೆ ಮತ್ತು ಅಶೋಕ ಕಾಳೆ ಆ ಲೆಕ್ಕವನ್ನು ಪ್ರಶ್ನಿಸಿ, ನಿಜವಾದ ಪ್ರಮಾಣ ಶೇ. 1.4ರ ಆಸುಪಾಸು, ಎಲ್ಲರಿಗೂ ಲಸಿಕೆ ಹಾಕುವ ಅಗತ್ಯವಿಲ್ಲ ಎಂದು ವಾದಿಸಿದರು. 2007ರ ಒಂದು ಸಮಗ್ರ ವಿಶ್ಲೇಷಣೆ ಬುಡಕಟ್ಟೇತರ ಜನರಲ್ಲಿ ಶೇ. 2.4 ಎಂದಿತು. ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ರಕ್ತ ಮಾದರಿಗಳ ಪರೀಕ್ಷೆಯಲ್ಲಿ ಬಂದದ್ದು ಶೇ. 0.95. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನರಲ್ಲಿ ಈ ಸೋಂಕಿತ್ತು, ಎಂದರೆ ಶೇ. 2ರಷ್ಟು.

ಯಾವ ಲೆಕ್ಕ ಹಿಡಿದರೂ ನೂರು ಮನೆಗಳ ಬೀದಿಯೊಂದರಲ್ಲಿ ಕೆಲವರಿಗಾದರೂ ಇದು ಇರುವ ಸಂಭವ ಹೆಚ್ಚು. ಗೊತ್ತಿರುವವರು ಮಾತ್ರ ಬಹಳ ಕಡಿಮೆ. ಜಗತ್ತಿನಲ್ಲಿ ಈ ಸೋಂಕಿರುವ 25.4 ಕೋಟಿ ಜನರಲ್ಲಿ 2022ರ ಕೊನೆಗೆ ಪರೀಕ್ಷೆಯಾಗಿ ಗೊತ್ತಾಗಿದ್ದದ್ದು ಶೇ. 13 ಮಂದಿಗೆ. ಗೊತ್ತಿಲ್ಲದವರ ಬಾಳಸಂಗಾತಿಗೆ ಲಸಿಕೆ ಹಾಕಿಸುವ ಮಾತೇ ಏಳುವುದಿಲ್ಲ.

ಹಾಸಿಗೆಯ ವಾದ

ದಂಪತಿಗಳ ನಡುವೆ ಲೈಂಗಿಕ ಸಂಪರ್ಕವೇ ಮುಖ್ಯ ದಾರಿ ಎನ್ನುವವರ ಕೈಯಲ್ಲಿ ಗಟ್ಟಿಯಾದ ಸಾಕ್ಷ್ಯವಿದೆ. ವೈರಸ್ ರಕ್ತದಲ್ಲಷ್ಟೇ ಅಲ್ಲ, ವೀರ್ಯದಲ್ಲೂ ಯೋನಿಸ್ರಾವದಲ್ಲೂ ಇರುತ್ತದೆ. ಎಚ್‌ಐವಿಗಿಂತ 50ರಿಂದ 100 ಪಟ್ಟು ಸುಲಭವಾಗಿ ಹತ್ತುತ್ತದೆ ಎಂದು ಹೇಳುವುದುಂಟು. ಹೊಸದಾಗಿ ಕಾಮಾಲೆ ಬಂದವರ ಗಂಡ ಅಥವಾ ಹೆಂಡತಿಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 1975ರಲ್ಲಿ ಪ್ರಕಟವಾಯಿತು. ಅದರಲ್ಲಿ ರಕ್ಷಣೆಯಿಲ್ಲದೆ ಉಳಿದ ಸಂಗಾತಿಗಳ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರೋಗ ಬಂತು. ಸಿದ್ಧ ಪ್ರತಿಕಾಯಗಳಿರುವ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದು ಪಡೆದವರಲ್ಲಿ ಅದು ತೀರಾ ವಿರಳವಾಯಿತು. ಹೀಗೆ ಸಂಪರ್ಕವಾದ 14 ದಿನಗಳೊಳಗೆ ಈ ಚುಚ್ಚುಮದ್ದನ್ನೂ ಲಸಿಕೆಯನ್ನೂ ಒಟ್ಟಿಗೆ ಕೊಡುವ ಪದ್ಧತಿಯ ಹಿಂದೆ ಇಂಥ ಅಧ್ಯಯನಗಳಿವೆ.

ಈ ವಾದ ಒಂದನ್ನು ಚೆನ್ನಾಗಿ ವಿವರಿಸುತ್ತದೆ: ಈಗಷ್ಟೇ ಸೋಂಕು ತಗುಲಿ, ರಕ್ತದಲ್ಲಿ ವೈರಸ್ ತುಂಬಿರುವವರೊಂದಿಗೆ ಇರುವುದರ ಅಪಾಯ. ಆದರೆ ಇದನ್ನೇ ಹಿಡಿದು, ಹೆಪಟೈಟಿಸ್ ಬಿ ಎಂದರೆ ನಡತೆಗೆಟ್ಟವರ ಕಾಯಿಲೆ ಎಂದು ಹೊರಟವರು ನಮ್ಮಲ್ಲಿ ಬಹಳ ಜನ. ಪುಣೆ–ಬೆಂಗಳೂರು ಹೆದ್ದಾರಿ ಹರಿಹರ, ದಾವಣಗೆರೆಗಳ ಮಗ್ಗುಲಲ್ಲೇ ಹಾದುಹೋಗುತ್ತದೆ; ಲಾರಿಯಲ್ಲಿ ದುಡಿಯುವ ಗಂಡಸರು ಇಲ್ಲಿ ಸಾವಿರಾರು. ಎಚ್‌ಐವಿ ಜಾಗೃತಿಯ ಕಾಲದಲ್ಲಿ ಲಾರಿ ಡ್ರೈವರನ ಮೇಲೆ ಬಿದ್ದ ಸಂಶಯದ ಕಣ್ಣು ಹೆಪಟೈಟಿಸ್ ಬಿ ವರದಿಗೂ ಅಂಟಿಕೊಂಡಿತು. ಬಸುರಿ ಹೆಂಡತಿಯ ಚೀಟಿಯಲ್ಲಿ ರಿಯಾಕ್ಟಿವ್ ಎಂದಿದ್ದರಂತೂ ಸಂಶಯ ಅವಳ ತವರಿಗೂ ಹೋಗುತ್ತದೆ. ಇದು ತಪ್ಪು ಮಾತ್ರವಲ್ಲ, ಅನ್ಯಾಯ. ಏಕೆಂಬುದನ್ನು ಎರಡನೆಯ ವಾದ ಹೇಳುತ್ತದೆ.

ತೊಟ್ಟಿಲ ವಾದ

ಈ ವೈರಸ್ಸಿಗೆ ಒಂದು ವಿಚಿತ್ರ ಗುಣವಿದೆ. ಹುಟ್ಟುವಾಗ ತಾಯಿಯಿಂದ ತಗುಲಿದರೆ ಶೇ. 90ರಷ್ಟು ಮಕ್ಕಳಲ್ಲಿ ಅದು ಜೀವಮಾನವಿಡೀ ಉಳಿಯುತ್ತದೆ. ಐದು ವರ್ಷದೊಳಗೆ ಬಂದರೆ ಮೂರರಲ್ಲಿ ಒಂದು ಮಗುವಿನಲ್ಲಿ ಉಳಿಯಬಹುದು. ದೊಡ್ಡವರಾದ ಮೇಲೆ ಬಂದರೆ ಶೇ. 5ಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಉಳಿಯುತ್ತದೆ, ಉಳಿದವರ ದೇಹ ಅದನ್ನು ತಾನೇ ಹೊರಹಾಕುತ್ತದೆ. ಆರು ತಿಂಗಳು ದಾಟಿಯೂ ಎಚ್‌ಬಿಎಸ್‌ಎಜಿ ರಿಯಾಕ್ಟಿವ್ ಆಗಿಯೇ ಇದ್ದರೆ ಅದನ್ನು ದೀರ್ಘಕಾಲದ ಸೋಂಕು ಎನ್ನುತ್ತಾರೆ.

ಈ ಅಂಕಿಗಳನ್ನು ತಿರುಗಿಸಿ ಓದಿ. ಮೂವತ್ತು ವರ್ಷದ ಗಂಡಸಿನಲ್ಲೋ ಹೆಂಗಸಿನಲ್ಲೋ ದೀರ್ಘಕಾಲದ ಸೋಂಕು ಕಂಡುಬಂದರೆ, ಅದು ಮದುವೆಯ ನಂತರ ಬಂದಿರುವುದಕ್ಕಿಂತ ತೊಟ್ಟಿಲಲ್ಲಿ, ಅಂಗನವಾಡಿಯ ವಯಸ್ಸಿನಲ್ಲಿ ಬಂದಿರುವ ಸಂಭವವೇ ಹೆಚ್ಚು. ಯಾವುದೇ ಒಬ್ಬರ ವಿಷಯದಲ್ಲಿ ಇದು ಪುರಾವೆಯಲ್ಲ, ಒಲವಷ್ಟೇ. ಆದರೆ ಹೆಂಡತಿಯನ್ನು ತವರಿಗೆ ಕಳಿಸುವ ಮುಂಚೆ, ಗಂಡನ ಮೇಲೆ ಊರ ಹಿರಿಯರನ್ನು ಕೂಡಿಸುವ ಮುಂಚೆ ಮನೆಯವರು ತಿಳಿದಿರಬೇಕಾದ ಮೊದಲ ಸಂಗತಿ ಇದು.

ತೈವಾನಿನಲ್ಲಿ ಪಾಮರ್ ಬೀಸ್ಲಿ 22,707 ಪುರುಷರನ್ನು ವರ್ಷಗಟ್ಟಲೆ ಗಮನಿಸಿ ಈ ವೈರಸ್ಸಿಗೂ ಯಕೃತ್ತಿನ ಕ್ಯಾನ್ಸರಿಗೂ ಇರುವ ನಂಟನ್ನು 1981ರಲ್ಲಿ ತೋರಿಸಿದರು. ತಾಯಿಯಿಂದ ಮಗುವಿಗೆ ದಾಟುವುದನ್ನು ಅಲ್ಲಿ ಮೊದಲೇ ದಾಖಲಿಸಿದ್ದರು. ಅಂಥ ನಾಡುಗಳಲ್ಲಿ ಮದುವೆಯ ವಯಸ್ಸಿಗೆ ಬರುವಷ್ಟರಲ್ಲಿ ಬಹುಪಾಲು ಜನ ಒಮ್ಮೆ ಸೋಂಕು ಕಂಡಿರುತ್ತಿದ್ದರು. ಗಂಡನಿಂದ ಹೆಂಡತಿಗೆ ಹೊಸದಾಗಿ ಹತ್ತಲು ಜಾಗವೇ ಇರುತ್ತಿರಲಿಲ್ಲ. ಭಾರತದ ಚಿತ್ರ ಸ್ವಲ್ಪ ಬೇರೆ. ಇಲ್ಲಿ ತಾಯಿಯಿಂದ ಹೆರಿಗೆಯ ಹೊತ್ತಿನಲ್ಲಿ ಬರುವುದು ಹೆಚ್ಚೋ, ಬಾಲ್ಯದಲ್ಲಿ ಮನೆಯವರಿಂದ, ಓರಗೆಯ ಮಕ್ಕಳಿಂದ ಬರುವುದು ಹೆಚ್ಚೋ ಎಂಬ ಚರ್ಚೆ 1980ರ ದಶಕದಿಂದ ನಡೆದಿದೆ. ಟಂಡನ್ ಅವರ ತಂಡ ಬಾಲ್ಯದ ಹರಡುವಿಕೆಗೆ ಹೆಚ್ಚು ತೂಕ ಕೊಟ್ಟಿತು. ಎರಡರಲ್ಲಿ ಯಾವುದು ನಿಜವಾದರೂ ದಂಪತಿಗಳ ಮಟ್ಟಿಗೆ ತಾತ್ಪರ್ಯ ಒಂದೇ. ಇಲ್ಲಿ ಒಬ್ಬರಿಗೆ ಬಾಲ್ಯದಿಂದ ಸೋಂಕಿದ್ದು, ಮದುವೆಯಾಗಿ ಬಂದವರಿಗೆ ಏನೂ ರಕ್ಷಣೆಯಿಲ್ಲದಿರುವ ಜೋಡಿಗಳೇ ಹೆಚ್ಚು. ಲಸಿಕೆಗೆ ಹೇಳಿಮಾಡಿಸಿದ ಸಂದರ್ಭ ಇದು.

ರೇಜರ್, ಸೂಜಿ, ಊಟದ ತಟ್ಟೆ

ಮೂರನೆಯ ಗುಂಪು ಹೇಳುವುದು ಬೇರೆ. ಒಂದು ಮನೆಯಲ್ಲಿ ಇರುವವರು ಹಾಸಿಗೆಯನ್ನಷ್ಟೇ ಹಂಚಿಕೊಳ್ಳುವುದಿಲ್ಲ. ಬ್ಲೇಡು, ಟೂತ್‌ಬ್ರಷ್, ಉಗುರು ಕತ್ತರಿಗಳನ್ನೂ ಹಂಚಿಕೊಳ್ಳುತ್ತಾರೆ. ಒಣಗಿದ ರಕ್ತದಲ್ಲಿ ಈ ವೈರಸ್ ಕನಿಷ್ಠ ಏಳು ದಿನ ಜೀವ ಹಿಡಿದಿರಬಲ್ಲದು. ಆದ್ದರಿಂದ ಗಂಡ ಹೆಂಡತಿ ಇಬ್ಬರಲ್ಲೂ ಸೋಂಕು ಕಂಡರೆ ಅದು ಲೈಂಗಿಕ ಸಂಪರ್ಕದಿಂದಲೇ ದಾಟಿತು ಎಂದು ಹೇಳಲಾಗದು. ಅಷ್ಟೇ ಏಕೆ, ಒಬ್ಬರಿಂದ ಒಬ್ಬರಿಗೆ ದಾಟಿತು ಎಂದೂ ಹೇಳಲಾಗದು. ಇಬ್ಬರಿಗೂ ಬೇರೆ ಬೇರೆ ಕಡೆಯಿಂದ ಬಂದಿರಬಹುದು. ಇಬ್ಬರ ವೈರಸ್ಸಿನ ವಂಶವಾಹಿಯನ್ನು ಹೋಲಿಸಿ ನೋಡುವ ತಂತ್ರ ಈಗ ಇದೆ, ಆದರೆ ಅದು ಸಂಶೋಧನೆಗೆ ಮೀಸಲು. ನಮ್ಮ ಯಾವ ಲ್ಯಾಬಿನ ಕೌಂಟರಿನಲ್ಲೂ ಸಿಗುವ ಪರೀಕ್ಷೆಯಲ್ಲ.

ಬೇರೆ ಕಡೆ ಎಂದರೆ ಎಲ್ಲಿ? ಸೂಜಿ ಮಾಡಿಸಿಕೊಳ್ಳದೆ ಜ್ವರ ಹೋಗುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆಯ ಹಳ್ಳಿಗಳಲ್ಲಿ ಇನ್ನೂ ಬಲವಾಗಿದೆ. ಗಾಜಿನ ಸಿರಿಂಜನ್ನು ಬಿಸಿನೀರಲ್ಲಿ ಅದ್ದಿ ಸಾಲಾಗಿ ಎಲ್ಲರಿಗೂ ಚುಚ್ಚುತ್ತಿದ್ದ ಕಾಲ ನಲವತ್ತು ದಾಟಿದವರಿಗೆಲ್ಲ ನೆನಪಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ನಡೆದ ರಾಷ್ಟ್ರವ್ಯಾಪಿ ಅಧ್ಯಯನವೊಂದು ದೇಶದಲ್ಲಿ ಕೊಡುವ ಚುಚ್ಚುಮದ್ದುಗಳಲ್ಲಿ ಶೇ. 62.9 ಸುರಕ್ಷಿತವಲ್ಲ ಎಂದು ಕಂಡುಕೊಂಡಿತು. ಗುಜರಾತಿನ ಮೋಡಾಸಾದಲ್ಲಿ 2009ರಲ್ಲಿ ಸಿರಿಂಜ್ ಮರುಬಳಕೆಯಿಂದ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ದುಡ್ಡಿಗೆ ರಕ್ತ ಮಾರುವವರಿಂದ ರಕ್ತ ಪಡೆಯುವುದನ್ನು ಸುಪ್ರೀಂ ಕೋರ್ಟಿನ ಆದೇಶದಂತೆ ನಿಲ್ಲಿಸಿದ್ದು 1998ರ ಜನವರಿಯಿಂದ. ಅದಕ್ಕೂ ಮೊದಲು ಹೆರಿಗೆಯಲ್ಲಿ ರಕ್ತ ಹಾಕಿಸಿಕೊಂಡ ಎಷ್ಟೋ ಹೆಂಗಸರು ಇಂದು ಅಜ್ಜಿಯರಾಗಿದ್ದಾರೆ. ಹಚ್ಚೆ, ಕಿವಿ ಮೂಗು ಚುಚ್ಚಿಸುವುದು, ಕ್ಷೌರದಂಗಡಿಯ ಹಳೆಯ ಕತ್ತಿ: ಯಾರಿಂದ ಬಂತು ಎಂಬ ಪ್ರಶ್ನೆಗೆ ಇಷ್ಟೊಂದು ಬಾಗಿಲುಗಳಿವೆ.

ಇದೇ ವಾದವನ್ನು ಅತಿಗೆ ಒಯ್ದವರೂ ಇದ್ದಾರೆ. ಸೋಂಕಿರುವ ಸೊಸೆಗೆ ತಟ್ಟೆ ಬೇರೆ, ಲೋಟ ಬೇರೆ, ಅಡುಗೆಮನೆಗೆ ಪ್ರವೇಶವಿಲ್ಲ, ಮಗುವಿಗೆ ಎದೆಹಾಲು ಬೇಡ. ಇವುಗಳಲ್ಲಿ ಯಾವುದಕ್ಕೂ ಆಧಾರವಿಲ್ಲ. ಒಟ್ಟಿಗೆ ಉಣ್ಣುವುದರಿಂದ, ಕೆಮ್ಮಿನಿಂದ, ಮುಟ್ಟುವುದರಿಂದ, ಅಪ್ಪಿಕೊಳ್ಳುವುದರಿಂದ ಇದು ಹರಡುವುದಿಲ್ಲ. ಹುಟ್ಟಿದ ತಕ್ಷಣ ಮಗುವಿಗೆ ಲಸಿಕೆ ಹಾಕಿಸಿ, ತಾಯಿ ಧೈರ್ಯವಾಗಿ ಹಾಲೂಡಿಸಬಹುದು. ಬೇರೆಯಾಗಿ ಇಡಬೇಕಾದದ್ದು ರಕ್ತ ತಾಗುವ ವಸ್ತುಗಳನ್ನು ಮಾತ್ರ.

“ಬರಂಗಿದ್ರೆ ಇಷ್ಟೊತ್ತಿಗೆ ಬಂದಿರ್ತಿತ್ತು”

ಇಪ್ಪತ್ತು ವರ್ಷ ಸಂಸಾರ ಮಾಡಿದವರು ಇಲ್ಲಿ ಸಾಮಾನ್ಯವಾಗಿ ಆಡುವ ಮಾತಿದು. ಕೇಳಲು ತರ್ಕಬದ್ಧವಾಗಿದೆ, ಕೆಲವು ವೈದ್ಯರೂ ತಲೆಯಾಡಿಸುತ್ತಾರೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಅತಿ ಹೆಚ್ಚು ಹಾನಿ ಮಾಡಿರುವುದು ಇದೇ ಮಾತು.

ಇಷ್ಟು ವರ್ಷ ಜೊತೆಗಿದ್ದ ಸಂಗಾತಿಯ ಸ್ಥಿತಿ ಮೂರು ತೆರನಾಗಿರಬಹುದು. ಒಮ್ಮೆ ಸೋಂಕು ಬಂದು, ಗೊತ್ತೇ ಆಗದೆ ವಾಸಿಯಾಗಿ, ದೇಹಕ್ಕೆ ಆಜೀವ ರಕ್ಷಣೆ ಸಿಕ್ಕಿರಬಹುದು. ಸೋಂಕು ಬಂದು ಸದ್ದಿಲ್ಲದೆ ಉಳಿದಿರಬಹುದು. ಹಾಗಾದರೆ ಬೇಕಾದದ್ದು ಲಸಿಕೆಯಲ್ಲ, ಚಿಕಿತ್ಸೆಯ ತೀರ್ಮಾನ. ಅಥವಾ ಇಂದಿನವರೆಗೂ ಹತ್ತದೆ, ನಾಳೆ ಹತ್ತುವ ಸಾಧ್ಯತೆ ಹಾಗೇ ಉಳಿದಿರಬಹುದು. ಹೊರಗಿನಿಂದ ನೋಡಿದರೆ ಈ ಮೂವರೂ ಒಂದೇ ಥರ ಆರೋಗ್ಯವಾಗಿರುತ್ತಾರೆ. ಎಚ್‌ಬಿಎಸ್‌ಎಜಿ, ಆ್ಯಂಟಿ-ಎಚ್‌ಬಿಎಸ್, ಆ್ಯಂಟಿ-ಎಚ್‌ಬಿಸಿ ಎಂಬ ಮೂರು ಪರೀಕ್ಷೆಗಳು ಮಾತ್ರ ಇವರನ್ನು ಬೇರೆ ಮಾಡಿ ತೋರಿಸಬಲ್ಲವು.

ಇಷ್ಟು ವರ್ಷ ಹತ್ತದಿದ್ದದ್ದು ಏಕೆ ಎಂಬುದಕ್ಕೂ ವಿವರಣೆಯಿದೆ. ಹರಡುವ ಶಕ್ತಿ ರಕ್ತದಲ್ಲಿರುವ ವೈರಸ್ ಪ್ರಮಾಣದ ಮೇಲೆ ನಿಂತಿದೆ. ವೈರಸ್ಸಿನ ‘ಇ ಆ್ಯಂಟಿಜೆನ್’ ಎಂಬ ಪ್ರೋಟೀನ್ ರಕ್ತದಲ್ಲಿ ಇರುವವರಲ್ಲಿ ಆ ಪ್ರಮಾಣ ಸಾಮಾನ್ಯವಾಗಿ ತುಂಬಾ ಹೆಚ್ಚು. ಅಂಥವರ ರಕ್ತವಿದ್ದ ಸೂಜಿ ಚುಚ್ಚಿಕೊಂಡ, ಲಸಿಕೆಯಿಲ್ಲದ ಆಸ್ಪತ್ರೆ ಸಿಬ್ಬಂದಿಯಲ್ಲಿ ಸೋಂಕು ತಗುಲುವ ಸಾಧ್ಯತೆ ಶೇ. 30ರವರೆಗೆ ಹೋಗುತ್ತದೆ. ಇ ಆ್ಯಂಟಿಜೆನ್ ಇಲ್ಲದೆ, ವೈರಸ್ ನಿದ್ದೆಹೋದಂತಿರುವವರಲ್ಲಿ ಅಪಾಯ ಬಹಳ ಕಡಿಮೆ. ಆದರೆ ಈ ಸ್ಥಿತಿ ಶಾಶ್ವತವಲ್ಲ. ಸ್ಟೀರಾಯ್ಡ್, ಕ್ಯಾನ್ಸರಿನ ಕಿಮೋಥೆರಪಿಗಳಿಂದ, ಕೆಲವೊಮ್ಮೆ ಯಾವ ಕಾರಣವೂ ಕಾಣದೆ, ನಲವತ್ತೈದನೇ ವಯಸ್ಸಿನಲ್ಲಿ ವೈರಸ್ ಮತ್ತೆ ಏಳಬಹುದು. ಹಳೆಯ ಅದೃಷ್ಟ ಮುಂದಿನ ವರ್ಷಕ್ಕೆ ಭರವಸೆ ಕೊಡುವುದಿಲ್ಲ.

ನೆಲನೆಲ್ಲಿಯ ಮಾತೂ ಇಲ್ಲೇ ಬರಬೇಕು. ಕಾಮಾಲೆ ಎಂದರೆ ನಾಟಿ ಔಷಧಿ, ಪಥ್ಯ, ಕೆಲವೆಡೆ ಕೈಗೆ ಬರೆ ಹಾಕಿಸುವುದು ನಮ್ಮಲ್ಲಿ ಹಳೆಯ ರೂಢಿ. ನೆಲನೆಲ್ಲಿಯನ್ನು ವಿಜ್ಞಾನ ತಳ್ಳಿಹಾಕದೆ ಪರೀಕ್ಷಿಸಿತು. ಆ ಕೆಲಸದಲ್ಲಿ ಬ್ಲೂಂಬರ್ಗ್ ಅವರೇ ಪಾಲ್ಗೊಂಡಿದ್ದರು. ಮದರಾಸಿನಲ್ಲಿ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಗಿಡದ ಪುಡಿ ತೆಗೆದುಕೊಂಡವರ ಪೈಕಿ ಶೇ. 59 ಜನರಲ್ಲಿ ಎಚ್‌ಬಿಎಸ್‌ಎಜಿ ಮಾಯವಾಯಿತು ಎಂಬ ಸುದ್ದಿ ಜಗತ್ತನ್ನೇ ಬೆರಗುಗೊಳಿಸಿತ್ತು. ಬೇರೆ ಕಡೆ ಮತ್ತೆ ಮಾಡಿ ನೋಡಿದಾಗ ಆ ಫಲ ಬರಲಿಲ್ಲ. ದೊಡ್ಡವರಿಗೆ ಹೊಸದಾಗಿ ಬಂದ ಹೆಪಟೈಟಿಸ್ ಬಿ ನೂರಕ್ಕೆ ತೊಂಬತ್ತೈದು ಪಾಲು ತಾನೇ ವಾಸಿಯಾಗುತ್ತದೆ. ಆ ಹೊತ್ತಿನಲ್ಲಿ ಏನು ಕುಡಿದಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ನಾಟಿ ಔಷಧಿಯಿಂದ ಗುಣವಾಯಿತು ಎಂದು ನಂಬಿ ಹೆಂಡತಿ ಅಥವಾ ಗಂಡ ಲಸಿಕೆ ಬಿಟ್ಟುಬಿಡುವುದೇ ಇಲ್ಲಿನ ನಿಜವಾದ ನಷ್ಟ.

ಲಸಿಕೆ ಹೇಗೆ, ಯಾವಾಗ

ಸಂಗಾತಿಗೆ ಲಸಿಕೆ ಬೇಕೆಂಬುದರಲ್ಲಿ ಇಂದು ಯಾವ ವೈದ್ಯಪಂಥದಲ್ಲೂ ಭಿನ್ನಾಭಿಪ್ರಾಯವಿಲ್ಲ. ಭಿನ್ನತೆ ಇರುವುದು ಕ್ರಮದಲ್ಲಿ. ಪರೀಕ್ಷೆಗೆ ಕಾಯದೆ ಮೊದಲು ಚುಚ್ಚಿಬಿಡಿ, ಆಗಲೇ ಸೋಂಕಿದ್ದರೂ ಲಸಿಕೆಯಿಂದ ಕೇಡಿಲ್ಲ ಎನ್ನುವವರು ಒಂದೆಡೆ. ಪರೀಕ್ಷೆ ಮಾಡದೆ ಚುಚ್ಚಿದರೆ, ಸೋಂಕಿರುವವರು ಲಸಿಕೆ ಆಯಿತೆಂದು ನಿಶ್ಚಿಂತರಾಗಿ ಚಿಕಿತ್ಸೆ ತಪ್ಪಿಸಿಕೊಳ್ಳುತ್ತಾರೆ ಎನ್ನುವವರು ಇನ್ನೊಂದೆಡೆ. ದಂಪತಿಗಳ ವಿಷಯದಲ್ಲಿ ನನಗೆ ಎರಡನೆಯವರ ಮಾತು ಸರಿ ಕಾಣುತ್ತದೆ. ಆದರೂ ಎರಡೂ ಒಂದೇ ಭೇಟಿಯಲ್ಲಿ ಆಗಬಹುದು: ರಕ್ತ ತೆಗೆದುಕೊಂಡು ಅಂದೇ ಮೊದಲ ಡೋಸ್ ಹಾಕಿ, ಉಳಿದದ್ದನ್ನು ವರದಿ ನೋಡಿ ತೀರ್ಮಾನಿಸಬಹುದು.

ದೊಡ್ಡವರಿಗೆ ರೂಢಿಯ ಕ್ರಮ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ತೋಳಿನ ಮಾಂಸಖಂಡಕ್ಕೆ ಚುಚ್ಚಬೇಕು. ನಲವತ್ತರೊಳಗಿನ ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ರಕ್ಷಣೆ ಬರುತ್ತದೆ. ವಯಸ್ಸು, ಬೊಜ್ಜು, ಬೀಡಿ ಸಿಗರೇಟಿನ ಚಟ ಇದ್ದಲ್ಲಿ ಫಲ ತಗ್ಗುತ್ತದೆ. ಡಯಾಲಿಸಿಸ್ ಮೇಲಿರುವವರಿಗೆ ಪ್ರಮಾಣ ಇಮ್ಮಡಿ ಬೇಕು. ಸಾಮಾನ್ಯ ಜನರಿಗೆ ಲಸಿಕೆಯ ನಂತರ ಪರೀಕ್ಷೆ ಬೇಕಿಲ್ಲ, ಆದರೆ ಸೋಂಕಿರುವವರ ಬಾಳಸಂಗಾತಿ ಸಾಮಾನ್ಯರ ಸಾಲಿಗೆ ಬರುವುದಿಲ್ಲ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿ-ಎಚ್‌ಬಿಎಸ್ ನೋಡಬೇಕು. ಅದು 10 ಎಂಐಯು/ಎಂಎಲ್ ಅಥವಾ ಹೆಚ್ಚಿದ್ದರೆ ರಕ್ಷಣೆ ಬಂದಂತೆ, ಆರೋಗ್ಯವಂತರಿಗೆ ಆಮೇಲೆ ಬೂಸ್ಟರ್ ಬೇಡ. ಮೂವತ್ತು ವರ್ಷ ಕಳೆದರೂ ರಕ್ಷಣೆ ಉಳಿದಿರುವುದನ್ನು ಅಧ್ಯಯನಗಳು ಕಂಡಿವೆ. ಕಡಿಮೆಯಿದ್ದರೆ ಇನ್ನೊಂದು ಸುತ್ತು ಮೂರು ಡೋಸ್. ಆ ಫಲಿತಾಂಶ ಬರುವವರೆಗೆ ನಿರೋಧ್ ಬಳಸುವುದು ಸರಿಯಾದ ದಾರಿ.

ಸೋಂಕಿರುವವರಿಗೆ ದಾರಿ ಬೇರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಟೆನೊಫೊವಿರ್ ಮಾತ್ರೆ ಉಚಿತ. ದಾವಣಗೆರೆ ಜಿಲ್ಲೆಯವರು ಮೊದಲು ವಿಚಾರಿಸಬೇಕಾದದ್ದು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ. ಬಸುರಿಯರಲ್ಲಿ ವೈರಸ್ ಪ್ರಮಾಣ ಹೆಚ್ಚಿದ್ದರೆ ಕೊನೆಯ ತಿಂಗಳುಗಳಲ್ಲಿ ಇದೇ ಮಾತ್ರೆ ಮಗುವನ್ನೂ ಕಾಯುತ್ತದೆ. ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ, ಆಮೇಲೆ 6, 10, 14ನೇ ವಾರದಲ್ಲಿ ಪೆಂಟಾವಲೆಂಟ್. ಈ ವ್ಯವಸ್ಥೆಯಲ್ಲಿ ತಾಯಿಗೆ ಜಾಗವಿದೆ, ಮಗುವಿಗೆ ಜಾಗವಿದೆ, ಆಸ್ಪತ್ರೆಯ ಸಿಬ್ಬಂದಿಗೆ ಜಾಗವಿದೆ. ಪಕ್ಕದಲ್ಲಿ ಕೂತ ಗಂಡನಿಗೆ ಮಾತ್ರ ಇಷ್ಟೇ ಗಟ್ಟಿಯಾದ ಜಾಗವಿಲ್ಲ. ಸೋಂಕು ಗಂಡನದಾದರೆ ಹೆಂಡತಿಗೂ ಅದೇ ಗತಿ. ಬಹುತೇಕ ಅವರು ಮೆಡಿಕಲ್ ಶಾಪಿನಿಂದ ಲಸಿಕೆ ಕೊಂಡು ಹಾಕಿಸಿಕೊಳ್ಳಬೇಕು, ಅದೂ ಯಾರಾದರೂ ಹೇಳಿದ್ದರೆ.

ಮದುವೆಗೆ ಮುಂಚೆ

ಮದುವೆ ಗೊತ್ತಾದಾಗ ಸೋಂಕಿನ ವಿಷಯ ಹೇಳಬೇಕೇ? ಹೇಳಿದರೆ ಸಂಬಂಧ ಮುರಿಯುತ್ತದೆ ಎಂಬ ಭಯ ಸುಳ್ಳಲ್ಲ. ಸುಪ್ರೀಂ ಕೋರ್ಟ್ 1998ರಲ್ಲಿ ಎಚ್‌ಐವಿ ಸೋಂಕಿತರೊಬ್ಬರ ಪ್ರಕರಣದಲ್ಲಿ, ರೋಗಿಯ ಗುಟ್ಟು ಕಾಯುವ ವೈದ್ಯರ ಕರ್ತವ್ಯಕ್ಕೂ ಮಿತಿಯಿದೆ, ಮದುವೆಯಾಗಲಿರುವವರಿಗೆ ತಿಳಿಯುವ ಹಕ್ಕಿದೆ ಎಂದಿತು. ಆಮೇಲೆ 2017ರ ಎಚ್‌ಐವಿ ಕಾಯ್ದೆ ಗುಟ್ಟು, ಸಂಗಾತಿಗೆ ತಿಳಿಸುವುದು, ತಾರತಮ್ಯ ಇವೆಲ್ಲಕ್ಕೂ ನಿಯಮ ಮಾಡಿತು. ಹೆಪಟೈಟಿಸ್ ಬಿಗೆ ಅಂಥ ಕಾಯ್ದೆಯಿಲ್ಲ. ಎಚ್‌ಐವಿಗೆ ಲಸಿಕೆಯಿಲ್ಲ, ಇದಕ್ಕೆ ಇದೆ. ಆ ಒಂದು ವ್ಯತ್ಯಾಸವೇ ಈ ಪ್ರಶ್ನೆಯ ಭಾರವನ್ನು ಇಳಿಸಬೇಕಿತ್ತು. ನಿಶ್ಚಿತಾರ್ಥಕ್ಕೂ ಲಗ್ನಕ್ಕೂ ನಡುವೆ ಆರು ತಿಂಗಳಿದ್ದರೆ ಮೂರು ಡೋಸೂ ಮುಗಿಯುತ್ತವೆ. ಹೇಳಿ ಮದುವೆಯಾಗುವುದೇ ಸರಿ, ಹೇಳಿದವರನ್ನು ದೂರ ತಳ್ಳುವುದು ತಪ್ಪು ಎಂಬುದು ನನ್ನ ನಿಲುವು.

ಇನ್ನೂ ತೀರ್ಮಾನವಾಗದ ಸಂಗತಿಗಳು

ಮಾತ್ರೆ ನುಂಗಿ ವೈರಸ್ ಪತ್ತೆಯಾಗದಷ್ಟು ಇಳಿದವರಿಂದ ಸಂಗಾತಿಗೆ ಹರಡುವುದೇ ಇಲ್ಲವೇ? ಎಚ್‌ಐವಿಯಲ್ಲಿ ದೊಡ್ಡ ಅಧ್ಯಯನಗಳು ಈ ಪ್ರಶ್ನೆಯನ್ನು ಮುಗಿಸಿವೆ, ಇಲ್ಲಿ ಅಷ್ಟು ಬಲದ ಅಧ್ಯಯನ ಇಲ್ಲ. ಅಪಾಯ ತುಂಬಾ ತಗ್ಗುತ್ತದೆ ಎನ್ನಬಹುದು, ಇಲ್ಲವೆನ್ನಲಾಗದು. ಎರಡು ಸುತ್ತು ಲಸಿಕೆಯಾದರೂ ರಕ್ಷಣೆ ಬಾರದ ಕೆಲವೇ ಸಂಗಾತಿಗಳಿಗೆ ಮುಂದೇನು ಎಂಬುದಕ್ಕೂ ಒಂದೇ ಉತ್ತರವಿಲ್ಲ. ಎಚ್‌ಬಿಎಸ್‌ಎಜಿ ನೆಗೆಟಿವ್ ಎಂದು ಬಂದರೂ ರಕ್ತದಲ್ಲಿ ವೈರಸ್ಸಿನ ಡಿಎನ್‌ಎ ಅಡಗಿರುವವರಿಂದ ದಂಪತಿಗಳ ನಡುವೆ ಎಷ್ಟು ಹರಡುತ್ತದೆ ಎಂಬ ಅಳತೆ ಸಿಕ್ಕಿಲ್ಲ. ಚಿಕಿತ್ಸೆ ಯಾರಿಗೆ ಶುರುಮಾಡಬೇಕೆಂಬ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಸಡಿಲಿಸಿದೆ. ಸಂಗಾತಿಯ ರಕ್ಷಣೆಗೆಂದೇ ಮಾತ್ರೆ ಕೊಡಬಹುದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಮೆರಿಕ 2022ರಲ್ಲಿ 19ರಿಂದ 59 ವರ್ಷದ ಎಲ್ಲರಿಗೂ ಲಸಿಕೆ ಎಂದು ತೀರ್ಮಾನಿಸಿತು. ಭಾರತದಲ್ಲಿ ದೊಡ್ಡವರಿಗೆಲ್ಲ ಲಸಿಕೆ ಕೊಡಬೇಕೇ, ಸೋಂಕಿತರ ಮನೆಯವರಿಗಷ್ಟೇ ಸಾಕೇ ಎಂಬುದು ಹಣದ ಪ್ರಶ್ನೆಯೂ ಹೌದು.

ಸೋಂಕಿತರ ಮನೆಯವರಿಗೆ ಲಸಿಕೆ ಎಂಬ ಎರಡನೆಯದನ್ನಾದರೂ ನಮ್ಮ ಜಿಲ್ಲೆ ಮೊದಲು ಮಾಡಬಹುದು. ತಾಯಿ ಕಾರ್ಡಿನಲ್ಲಿ ರಿಯಾಕ್ಟಿವ್ ಎಂದು ಬರೆದ ದಿನವೇ ಗಂಡನ ರಕ್ತವನ್ನೂ ತೆಗೆದುಕೊಳ್ಳುವ, ಬೇಕಾದರೆ ಮೊದಲ ಡೋಸನ್ನು ಅಲ್ಲೇ ಉಚಿತವಾಗಿ ಹಾಕುವ ವ್ಯವಸ್ಥೆ ಹರಿಹರದಂಥ ತಾಲ್ಲೂಕು ಆಸ್ಪತ್ರೆಗೆ ದೊಡ್ಡ ಹೊರೆಯಲ್ಲ. ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಯಾರಾದರೂ ಎರಡು ಡೋಸ್ ಹಾಕಿಸಿಕೊಂಡು ಮೂರನೆಯದನ್ನು ಮರೆತಿದ್ದರೆ, ಎಷ್ಟೇ ತಿಂಗಳು ಕಳೆದಿದ್ದರೂ ಮೊದಲಿನಿಂದ ಶುರುಮಾಡಬೇಕಿಲ್ಲ. ಬಾಕಿಯಿರುವ ಆ ಒಂದು ಡೋಸ್ ಈ ವಾರವೇ ಹಾಕಿಸಿ. ಸೋಂಕಿತರ ಸಂಗಾತಿಯಾಗಿದ್ದರೆ, ಒಂದೆರಡು ತಿಂಗಳ ನಂತರ ಆ್ಯಂಟಿ-ಎಚ್‌ಬಿಎಸ್ ಪರೀಕ್ಷೆಯನ್ನೂ ಮಾಡಿಸಿ.